ಮಜ್ಜಿಗೆಗೆ ಬಿದ್ದ ಸ್ಪಂಜು

ನಾನು ಒಂದು ಸ್ಪಂಜು. ಮುಖಕ್ಕೆ ಮೇಕಪ್ ಹಚ್ಚಲೆಂದೇ ಹುಟ್ಟಿದವಳು. ಕೋಳಿಮೊಟ್ಟೆಯ ಆಕಾರ, ಗುಲಾಬಿ ಬಣ್ಣ. ಯಾವುದೋ ಕಾರ್ಖಾನೆಯಲ್ಲಿ ನೊರೆಯಾಗಿ ಉಕ್ಕಿ, ಗಟ್ಟಿಯಾಗಿ, ಯಂತ್ರದ ಬಾಯಿಗೆ ಸಿಕ್ಕಿ ಈ ರೂಪ ಪಡೆದೆ. ನನ್ನನ್ನು ಇಟ್ಟಿದ್ದ ಡಬ್ಬಿಯ ಬೆನ್ನ ಮೇಲೆ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು: ಮೊದಲು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಆಮೇಲೆ ಬಳಸಿ. ಒದ್ದೆಯಾದರೆ ನಾನು ಉಬ್ಬುತ್ತೇನೆ, ಮೆತ್ತಗಾಗುತ್ತೇನೆ, ಬಣ್ಣವನ್ನು ತೆಳ್ಳಗೆ ಕೂರಿಸುತ್ತೇನೆ. ಒಣಗಿದ್ದರೆ ಅರ್ಧ ಬಣ್ಣವನ್ನು ನಾನೇ ಕುಡಿದುಬಿಡುತ್ತೇನೆ. ಅದನ್ನೆಲ್ಲ ಓದುವ ತಾಳ್ಮೆ ಯಾರಿಗಿದೆ? ಡಬ್ಬಿ ಕಸಕ್ಕೆ ಹೋಯಿತು, ನಾನು ಒಣಒಣವಾಗಿ ಕೆಲಸಕ್ಕೆ ಹೋದೆ.

ನನ್ನನ್ನು ಕೊಂಡವಳು ರಾಯಚೂರಿನ ಜಗದೇವಿ. ಗಂಡನನ್ನು ಬಿಟ್ಟು ಬಂದು, ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದಳು. ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ, ಗೋಡೆಗೆ ಯಾರೋ ನಟಿಯ ಹರಿದ ಚಿತ್ರ. ಅಷ್ಟೇ ಅವಳ ಆಸ್ತಿ. ಅಣ್ಣ ಬಾಗಿಲಲ್ಲಿ ನಿಂತು ಆಗಾಗ ಹೇಳುತ್ತಿದ್ದ: "ಈ ಬ್ಯಾಸಗಿ ಲಗ್ನದ ಸೀಜನ್ ನೋಡ್ತೀನಿ, ತಂಗಿ. ಮಂದಿ ಬಾಯಾಗ ನಿನ್ನ ಹೆಸರು ಬರ್ಲಿಲ್ಲಂದ್ರ ಈ ಖೋಲಿಯಾಗ ನಾ ಗೊಬ್ಬರದ ಅಂಗಡಿ ಇಡ್ತೀನಿ."

ರಾಯಚೂರಿನ ಬೇಸಿಗೆಯಲ್ಲಿ ಹೆಸರು ಮಾಡುವುದೇನು ಸುಲಭವೇ? ಅಲ್ಲಿ ಬಿಸಿಲಿಗೆ ಮೊದಲು ಕರಗುವುದು ನಮ್ಮ ಕೆಲಸ. ಕಾಡಿಗೆ ಕೆನ್ನೆಗೆ ಇಳಿದವರು ಬರುತ್ತಿದ್ದರು, ಹಣೆ ತುಂಬ ಬೆವರುಸಾಲೆ ಎದ್ದವರು ಬರುತ್ತಿದ್ದರು, ಚೀಲದಲ್ಲೇ ಕರಗಿದ ಲಿಪ್‌ಸ್ಟಿಕ್ ಹಿಡಿದು ಅಳುಮೋರೆ ಮಾಡಿಕೊಂಡು ಬರುತ್ತಿದ್ದರು. ಜಗದೇವಿ ಬರ್ಫದ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಮುಖಕ್ಕೆ ಆಡಿಸುವಳು, ಸೌತೆಕಾಯಿ ರಸ ಸವರುವಳು, "ಪೌಡರ್ ಮ್ಯಾಲೆ ಪೌಡರ್ ಬಡೀಬ್ಯಾಡ್ರಿ, ಬೆವರು ಒತ್ತಿ ತಗೀರಿ" ಎನ್ನುವಳು. ಕೈಗುಣ ನಿಜಕ್ಕೂ ಒಳ್ಳೆಯದಿತ್ತು. ಆದರೆ ಹೆದರಿದಾಗ ಆ ಕೈ ಬಾಯಿ ಹೇಳಿದ್ದನ್ನೆಲ್ಲ ಮರೆಯುತ್ತಿತ್ತು.

ಮೇ ತಿಂಗಳ ನಡುವೆ ಅವಳಿಗೆ ಮೊದಲ ಮದುಮಗಳು ಸಿಕ್ಕಳು. ಓಣಿಯ ಹುಡುಗಿ ಸುವರ್ಣಾ. ಫಂಕ್ಷನ್ ಹಾಲ್‌ನ ಒಳಕೋಣೆಗೆ ನಾವು ಹೋದಾಗ ಹುಡುಗಿಯ ಅಜ್ಜಿ ಅಂಬ್ರಮ್ಮ ಬಾಗಿಲಲ್ಲೇ ತಡೆದು ಹೇಳಿದರು: "ಅರಿಶಿಣ ಹಚ್ಚಿದ ಮಕ ಅದವ್ವ. ಏನರೆ ಬಳಿ, ಸಾಬೂನು ಮಾತ್ರ ಮುಟ್ಟಸಬ್ಯಾಡ."

ಜಗದೇವಿ ತಲೆಯಾಡಿಸಿದಳು. ಕೂಲರ್ ಎದುರು ಕೂರಿಸಿ ಹದವಾಗಿ ಹಚ್ಚಿದಳು. ಮುಖ ಚೆನ್ನಾಗಿಯೇ ಬಂದಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು.

ಕೂಲರ್ ನಿಂತಿದ್ದೇ ತಡ, ಸುವರ್ಣಾಳ ಹಣೆಯಿಂದ ಬೆವರು ಇಳಿಯಿತು. ಅರಿಶಿನದ ಜೊತೆ ಎಣ್ಣೆಯನ್ನೂ ಕುಡಿದಿದ್ದ ಚರ್ಮ ಬಣ್ಣವನ್ನು ಹಿಡಿಯಲೊಲ್ಲದು. ಒರೆಸಿದಲ್ಲಿ ಪಟ್ಟೆ, ಒರೆಸದ ಕಡೆ ಗಂಟು. ಜಗದೇವಿ ಪೌಡರ್ ಒತ್ತಿದಳು. ಇನ್ನಷ್ಟು ಒತ್ತಿದಳು. ನನ್ನನ್ನು ಒದ್ದೆ ಮಾಡೇ, ತಾಯಿ, ಎಂದು ನಾನು ಒಳಗೊಳಗೇ ಬಡಿದುಕೊಂಡೆ. ಬಾಯಿಲ್ಲದವಳ ಮಾತು ಯಾರಿಗೆ ಕೇಳಬೇಕು? ಕೆನ್ನೆ ಬೇಸಿಗೆಯ ಎರೆಹೊಲದಂತೆ ಬಿರಿಯಿತು. ಹೊರಗೆ ಬಾಜಾಭಜಂತ್ರಿ ಜೋರಾಯಿತು. ಬೀಗರು ಬಾಸಿಂಗ ಕಟ್ಟಲು ಈಗ ಬರುತ್ತಾರೆಂದು ಯಾರೋ ಕೂಗಿದರು.

ಜಗದೇವಿಗೆ ದಿಕ್ಕೇ ತೋಚಲಿಲ್ಲ. ಹುಡುಗಿಯನ್ನು ದರದರನೆ ಬಚ್ಚಲಿಗೆ ಎಳೆದೊಯ್ದು, ಅಲ್ಲಿದ್ದ ಸಾಬೂನು ತಿಕ್ಕಿ ಮುಖ ತೊಳೆದಳು. ಬಣ್ಣವೇನೋ ಹೋಯಿತು. ಮುಖ ಮಾತ್ರ ಕೆನ್ನೆಯಿಂದ ಕೊರಳವರೆಗೆ ಕೆಂಪುಕೆಂಪು ತೇಪೆಯಾಗಿ ಎದ್ದು ಬಂತು.

ಅರಿಶಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುತ್ತದೆಂದು ಓಕುಳಿ ಕಲಸಿದವರಿಗೆಲ್ಲ ಗೊತ್ತು. ಸಾಬೂನು ಮಾಡುವುದೂ ಅದೇ ಕೆಲಸ. ಗೊತ್ತಿದ್ದದ್ದೆಲ್ಲ ಬೇಕಾದ ಹೊತ್ತಿಗೆ ನೆನಪಾಗಬೇಕಲ್ಲ!

"ಅಕ್ಕಾ, ಏನಾಗ್ಯದ ನನ್ನ ಮಕಕ್ಕ?" ಎಂದು ಸುವರ್ಣಾ ಕೇಳಿದಳು.

ಜಗದೇವಿ ಅವಳನ್ನು ಕೋಣೆಗೆ ಕರೆತಂದು, ಮೇಜಿನ ಮೇಲೆ ಬಿಟ್ಟುಹೋಗಿದ್ದ ನನ್ನನ್ನು ಎತ್ತಿಕೊಂಡಳು. ಆಗಲೇ ವರನ ಸೋದರತ್ತೆ ಬಾಗಿಲು ದೂಡಿ ಇಣುಕಿದ್ದು. "ಅಯ್ಯ ಶಿವನೇ! ಹುಡುಗಿಗಿ ಏನೋ ಚರ್ಮದ ಬ್ಯಾನಿ ಅದ. ಬಣ್ಣ ಬಡದು ಮುಚ್ಚಿಟ್ಟಾರ!" ಎಂದು ಕೂಗುತ್ತ ಓಡಿದಳು. ಹೊರಗೆ ವಾದ್ಯ ನಿಂತಿತು. ವರನ ತಾಯಿಯ ದನಿ ಕೇಳಿಸಿತು: "ಮೊದಲ ಹುಡುಗಿ ಮಕ ತೋರಸ್ರಿ. ಅಕ್ಷತಿ ಆಮ್ಯಾಲೆ."

ಜಗದೇವಿ ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವಳ ಅಂಗೈಯಲ್ಲಿದ್ದ ನನಗೆ ಅವಳ ನಡುಕ ಪೂರಾ ತಿಳಿಯುತ್ತಿತ್ತು. ಒಂದು ಹೆಣ್ಣಿನ ಮದುವೆ ಮುರಿಯುವುದರಲ್ಲಿತ್ತು, ಇನ್ನೊಂದು ಹೆಣ್ಣಿನ ಅನ್ನ ಹೋಗುವುದರಲ್ಲಿತ್ತು. ಆ ನಡುಕಕ್ಕೇ ನಾನು ಜಾರಿ, ಮದುಮಗಳಿಗೆಂದು ಪಕ್ಕದ ಮೇಜಿನ ಮೇಲೆ ಇಟ್ಟಿದ್ದ ಮಜ್ಜಿಗೆಯ ಲೋಟಕ್ಕೆ ಬಿದ್ದೆ.

ಹುಟ್ಟಿದ ಮೇಲೆ ಮೊದಲ ಸಲ ಮೈತುಂಬ ಒದ್ದೆಯಾಗಿ ಉಬ್ಬಿದೆ. ಅವಳು ನನ್ನನ್ನು ಎತ್ತಿ ಹಿಂಡಿ, ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಸುವರ್ಣಾಳ ಕೆನ್ನೆಗೆ ಒತ್ತಿದಳು. ಒತ್ತಿದ ಕಡೆ ಕೆಂಪು ಹೋಗಿ ಅರಿಶಿನ ಮರಳಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸಾಬೂನು ಕೆಡಿಸಿದ್ದನ್ನು ಮಜ್ಜಿಗೆಯ ಹುಳಿ ತಿದ್ದುತ್ತಿತ್ತು. ಹುಳಿ ಮಜ್ಜಿಗೆಯಲ್ಲಿ ಅದ್ದಿದ್ದೇ ಅದ್ದಿದ್ದು, ಒತ್ತಿದ್ದೇ ಒತ್ತಿದ್ದು. ಮಜ್ಜಿಗೆಯ ಉಪ್ಪಿಗೆ ಹಣೆಯ ಬೆವರುಸಾಲೆ ಚುರುಗುಟ್ಟಿದರೂ ಹುಡುಗಿ ಹಲ್ಲು ಕಚ್ಚಿ ಕುಳಿತಳು. ಬಾಗಿಲು ತೆರೆದಾಗ ಮುಖದಲ್ಲಿ ಹೊಂಬಣ್ಣ ಬಿಟ್ಟರೆ ಬೇರೇನೂ ಇರಲಿಲ್ಲ.

ವರನ ತಾಯಿ ತನ್ನ ಸೆರಗಿನ ತುದಿಯಿಂದ ಆ ಕೆನ್ನೆಯನ್ನು ತಿಕ್ಕಿ, ಸೆರಗಿಗೆ ಹತ್ತಿದ ಹಳದಿಯನ್ನು ಎಲ್ಲರಿಗೂ ತೋರಿಸಿದರು. "ಅರಿಶಿಣ ಅದ, ಮತ್ತೇನಿಲ್ಲ. ಇನ್ನ ಬಣ್ಣಗಿಣ್ಣ ಏನೂ ಬ್ಯಾಡ. ಹಿಂಗಾ ಕರಕೊಂಡು ಬರ್ರಿ. ದೇವಿ ಕಂಡಂಗ ಕಾಣಸ್ತಾಳ."

ಮದುವೆ ಉಳಿಯಿತು. ಜಗದೇವಿ ಗೋಡೆಗೊರಗಿ ಬಿಕ್ಕಿಬಿಕ್ಕಿ ಅತ್ತಳು. ಕಷ್ಟ ಕಳೆಯಿತೆಂದು ನಾನೂ ಹಿಗ್ಗಿದೆ.

ಎಂಥ ಹುಚ್ಚು ನನ್ನದು! ಜಗದೇವಿಯ ಹೆಸರು ಮಂದಿಯ ಬಾಯಲ್ಲಿ ಬಂತು, ನಿಜ. ಬಂದದ್ದು ಹೀಗೆ: "ಜಗದೇವಿ ಬಣ್ಣ ತೊಳದ ಮ್ಯಾಲೇ ಹುಡುಗಿ ಚಂದ ಕಂಡ್ಳು. ಮತ್ತ ಪಾರ್ಲರ್ ಯಾಕ ಬೇಕು?" ಆ ನಗೆಮಾತು ಓಣಿಯಿಂದ ಓಣಿಗೆ ಹೋಯಿತು. ಗೊತ್ತು ಮಾಡಿದ್ದ ಇನ್ನಿಬ್ಬರು ಮದುವಣಗಿತ್ತಿಯರೂ ಬೇಡವೆಂದರು. ಮಳೆಗಾಲದ ಹೊತ್ತಿಗೆ ತಿರುಗುವ ಕುರ್ಚಿ ಅಟ್ಟಕ್ಕೆ ಹೋಗಿ ಕೋಣೆಗೆ ಗೊಬ್ಬರದ ಚೀಲಗಳು ಬಂದವು. ಅತ್ತಿಗೆ ನನ್ನನ್ನು ಒಲೆಕಟ್ಟೆ ಒರೆಸಲು ಇಟ್ಟುಕೊಂಡಳು. ಮುಖಗಳ ಮೆದುವು ಬಲ್ಲ ನನ್ನ ಮೈ ಜಿಡ್ಡು ಹಿಡಿದು, ಕಪ್ಪಾಗಿ, ಒಂದು ಬದಿ ಕಿತ್ತುಹೋಯಿತು. ಜಗದೇವಿ ಕಸ ಹೊಡೆಯುತ್ತಿದ್ದಳು, ರೊಟ್ಟಿ ಬಡಿಯುತ್ತಿದ್ದಳು, ಕನ್ನಡಿ ಇದ್ದ ಕಡೆ ತಲೆ ಎತ್ತುತ್ತಿರಲಿಲ್ಲ.

ನಾಗರ ಪಂಚಮಿಗೆ ತವರಿಗೆ ಬಂದ ಸುವರ್ಣಾ ಒಂದು ಮಧ್ಯಾಹ್ನ ನೇರ ಅಡುಗೆಮನೆಗೇ ಬಂದು ಮಣೆಯ ಮೇಲೆ ಕುಳಿತಳು.

"ಅಕ್ಕಾ, ನನ್ನ ಲಗ್ನದ ಫೋಟೊ ಎಲ್ಲಾರಿಗೂ ಚಂದ ಕಾಣಸ್ತಾವ. ನಂಗ ಮಾತ್ರ ಬಣ್ಣ ಹಚ್ಕೋಬೇಕಂತ ಭಾಳ ಆಸಿ ಇತ್ತು. ಯಾರೂ ನನ್ನ ಕೇಳಲೇ ಇಲ್ಲ. ಈಗ ಹಚ್ಚು."

"ಸಾಮಾನೆಲ್ಲ ಹಾಳಾಗ್ಯಾವ, ತಂಗಿ."

"ಉಳದದ್ದು ಹಚ್ಚು." ಅವಳು ಕಣ್ಣು ಮುಚ್ಚಿ ಮುಖ ಎತ್ತಿದಳು.

ಜಗದೇವಿ ಟ್ರಂಕಿನ ತಳದಿಂದ ಅರೆಬರೆ ಒಣಗಿದ ಬಾಟಲಿಗಳನ್ನು ತಂದಳು. ಒಲೆಕಟ್ಟೆಯಿಂದ ನನ್ನನ್ನೂ ಎತ್ತಿಕೊಂಡಳು. ತಿರುಗಿಸಿ ನೋಡಿ, ಮೆಲ್ಲಗೆ ಮತ್ತೆ ಅಲ್ಲೇ ಇಟ್ಟಳು. ಕೈ ತೊಳೆದು ಬೆರಳ ತುದಿಯನ್ನೇ ನೀರಲ್ಲಿ ಅದ್ದಿ, ಸುವರ್ಣಾಳ ಕೆನ್ನೆಯ ಮೇಲೆ ಒತ್ತತೊಡಗಿದಳು. ಕೈ ನಡುಗಲಿಲ್ಲ. ನನ್ನಿಂದ ಇನ್ನೇನೂ ಆಗಬೇಕಾದ್ದಿರಲಿಲ್ಲ. ಹಾಗೆಂದು ತಿಳಿದಾಗ ಸಂಕಟವಾಯಿತು, ಸುಳ್ಳು ಹೇಳಲಾರೆ. ಆದರೂ ಆ ಬೆರಳುಗಳಿಂದ ಕಣ್ಣು ಕೀಳಲಾಗಲಿಲ್ಲ.

ಮುಂದಿನ ಕೋಣೆಯಿಂದ ಅಣ್ಣ ಕೂಗಿದ: "ಜಗದೇವೀ, ಅಂಗಡಿ ಕಸ ಹೊಡಿ ಬಾ!"

"ಕೆಲಸದಾಗ ಅದೀನಿ, ಅಣ್ಣಾ," ಎಂದಳು ಅವಳು.