ಗುಳಿಗೆ ಗತ್ತು

"ಹಗ್ಗ ಬಿಗುದ್ಯೇನ್ಲಾ ಚಿಕ್ಕಾ?" ಬೀರೇದೇವರ ಗುಡಿ ಮುಂದಿನ ಬಯಲಿನಿಂದ ತಿಮ್ಮರಾಯಪ್ಪ ಕೂಗಿದ.

ಚಿಕ್ಕಬೀರಪ್ಪ ಬಿಗಿದು ಮುಗಿಸಿದ್ದ. ಸರಿಯಾಯಿತೇ ಎಂದು ತಿಳಿಯಲು ಡೊಳ್ಳಿಗೆ ಎರಡು ಪೆಟ್ಟು ಹಾಕಿ ನೋಡಬೇಕು. ಎರಡು ಹಾಕಿದ. ಮೂರನೆಯದನ್ನು ಕೈಯೇ ಹಾಕಿತು. ನಾಲ್ಕು, ಐದು ಆದವು, ಎಡಗೈಯೂ ಸೇರಿಕೊಂಡಿತು, ಜಗಲಿಯಿಂದ ಇಳಿಬಿಟ್ಟಿದ್ದ ಕಾಲು ನೆಲ ಕುಟ್ಟತೊಡಗಿತು. ಬಯಲಲ್ಲಿ ಸುತ್ತುಗಟ್ಟಿ ನಿಂತಿದ್ದ ಹನ್ನೊಂದು ಜನವೂ ತಿರುಗಿ ನೋಡಿದರು.

"ಸಾಕು, ಕೊಡಿಲ್ಲಿ," ಎಂದು ತಿಮ್ಮರಾಯಪ್ಪ ಬಂದು ಡೊಳ್ಳು ಕಿತ್ತುಕೊಂಡ. "ನಿಂಗೆ ಹಗ್ಗ ಬಿಗಿಯೋದಷ್ಟೇ ಕೆಲ್ಸ ಅಂತ ಎಷ್ಟ್ ಸಲ ಹೇಳ್ಬೇಕು?"

ಪಂಚನಹಳ್ಳಿಯ ಡೊಳ್ಳಿನ ಮೇಳಕ್ಕೆ ತಿಮ್ಮರಾಯಪ್ಪ ಯಜಮಾನ. ಚಿಕ್ಕಬೀರಪ್ಪನಿಗೆ ಸೋದರಮಾವ, ಮೇಲಾಗಿ ಹೆಣ್ಣು ಕೊಟ್ಟ ಮಾವ. ಸುತ್ತ ಹತ್ತೂರಲ್ಲಿ ನನ್ನ ಅಳಿಯನಂಥ ಡೊಳ್ಳಿನವನಿಲ್ಲ ಎಂದು ಒಂದು ಕಾಲದಲ್ಲಿ ಮೀಸೆ ತಿರುವುತ್ತಿದ್ದವನು ಅವನೇ. ಮೂರು ವರ್ಷದಿಂದ ಆ ಅಳಿಯನನ್ನು ಹಗ್ಗ ಬಿಗಿಯಲು ಕೂರಿಸಿದವನೂ ಅವನೇ.

ಎಪ್ಪತ್ತೆಂಟನೇ ಇಸವಿಯಲ್ಲಿ ಚಿಕ್ಕಬೀರಪ್ಪ ಕುಣಿಯುವಾಗ ಎಡಗಡೆಯವನಿಗೂ ಬಲಗಡೆಯವನಿಗೂ ಡಿಕ್ಕಿ ಹೊಡೆಯತೊಡಗಿದ್ದ. ಕುಡಿದು ಬರುತ್ತಾನೆ ಎಂದರು ಜನ. ಪಾಪ, ಮಜ್ಜಿಗೆ ಬಿಟ್ಟು ಬೇರೇನೂ ಕುಡಿಯದ ಗಂಡಸು. ಎದುರಿಗಿದ್ದದ್ದು ಕಾಣುತ್ತಿತ್ತು, ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ, ತಲೆನೋವು ಬೇರೆ. ಕಡೂರಿನ ದತ್ತಾತ್ರಿ ಡಾಕ್ಟರು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ತಲೆ ತೆರೆದು, ಮಿದುಳಿನ ಬುಡದ ಗ್ರಂಥಿಯಲ್ಲಿ ಬೆಳೆದಿದ್ದ ಬೋರೆಹಣ್ಣಿನ ಗಾತ್ರದ ಗಡ್ಡೆ ತೆಗೆದರು. ದೃಷ್ಟಿ ಮರಳಿತು. ಆದರೆ ಗ್ರಂಥಿ ಕೆಲಸ ಬಿಟ್ಟಿತು. ಮೈಗೆ ಕಸುವು ಕೊಡುವ ರಸ ಹುಟ್ಟಬೇಕಾದರೆ ಅದರ ಅಪ್ಪಣೆ ಬೇಕಂತೆ. ಇನ್ನು ಮೇಲೆ ಆ ರಸದ ಬದಲಿಗೆ ಸ್ಟೀರಾಯ್ಡ್ ಗುಳಿಗೆ: ಬೆಳಿಗ್ಗೆ ಒಂದು, ಮಧ್ಯಾಹ್ನ ಅರ್ಧ, ಬದುಕಿರುವಷ್ಟು ದಿನವೂ.

ಗುಳಿಗೆ ಎಲೆಅಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಸಂಸಾರ ಹೂಡಿತು. ಎರಡು ವರ್ಷ ಚೆನ್ನಾಗೇ ನಡೆಯಿತು. ಆಮೇಲೊಂದು ದಿನ ಕಡೂರಿನ ಮೆರವಣಿಗೆಯಲ್ಲಿ, ಜ್ವರವಿದ್ದರೂ ಯಾರಿಗೂ ಹೇಳದೆ, ಬೆಳಗಿನಿಂದ ಬಿಸಿಲಲ್ಲಿ ಬಾರಿಸಿದವನು ಡೊಳ್ಳಿನ ಸಮೇತ ಕುಸಿದ. ಮೈಮೇಲೆ ದೇವರು ಬಂತೆಂದು ಜನ ಭಂಡಾರ ಎರಚಿದರು, ಲೋಬಾನ ಹಾಕಿದರು. ಒಬ್ಬನಂತೂ ಕೈಮುಗಿದು, ಮಗಳ ಮದುವೆ ಯಾವಾಗ ಆಗುತ್ತದೆ ಎಂದು ಕೇಳಿಯೂ ಬಿಟ್ಟ. ಹೆಂಡತಿ ಅಂಜಿನಮ್ಮ ಜನರನ್ನು ಮೊಣಕೈಯಲ್ಲಿ ತಿವಿದುಕೊಂಡು ಬಂದು, "ದೇವ್ರೂ ಇಲ್ಲ ಗೀವ್ರೂ ಇಲ್ಲ, ಜಟಕಾ ತರ್ಸ್ರೋ!" ಎಂದು ಕಿರುಚದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಬಾಟಲಿ ಏರಿಸಿದ ಮೇಲೆ ಎದ್ದು ಕೂತ.

"ನನ್ ಮಗಳ ಕುಂಕುಮಾನ ಡೊಳ್ಳಿಗೆ ಒಪ್ಸಕಾಗಕಿಲ್ಲ," ಎಂದು ತಿಮ್ಮರಾಯಪ್ಪ ಅವತ್ತೇ ತೀರ್ಮಾನ ಮಾಡಿದ. ಚಿಕ್ಕಬೀರಪ್ಪ ಎದುರಾಡಲಿಲ್ಲ. ಹೊಲ ಉತ್ತ, ಕುರಿ ನೋಡಿಕೊಂಡ, ಉಂಡ. ಆದರೆ ಡೊಳ್ಳಿಲ್ಲದ ಅವನ ಮುಖ ನೋಡಿ ಅಂಜಿನಮ್ಮನಿಗೆ ಅನ್ನ ಇಳಿಯುತ್ತಿರಲಿಲ್ಲ.

ಈಗ ತರೀಕೆರೆಯ ಯುವಕ ಸಂಘದವರು ಡೊಳ್ಳಿನ ಸ್ಪರ್ಧೆ ಇಟ್ಟಿದ್ದರು. ಸ್ಟೇಷನ್ನಿನಿಂದ ಶಾಲೆ ಮೈದಾನದವರೆಗೆ ಮೆರವಣಿಗೆ, ಅಲ್ಲಿ ಕುಣಿತ. ಆ ವಾರ ಗುಳಿಗೆ ತರಲು ಗಂಡನ ಜೊತೆ ಕಡೂರಿಗೆ ಹೋದಾಗ ಅಂಜಿನಮ್ಮ ಡಾಕ್ಟರ ಮುಂದೆ ಬಾಯಿ ಬಿಟ್ಟಳು.

"ಡೊಳ್ಳು ಬಾರಿಸಬೇಡ ಅಂತ ನಾನ್ಯಾವಾಗ ಹೇಳಿದೆ?" ಎಂದರು ದತ್ತಾತ್ರಿ.

"ನಮ್ಮಾವ ಬೇಡ ಅಂತಾನೆ ಸೋಮಿ," ಎಂದ ಚಿಕ್ಕಬೀರಪ್ಪ.

"ನಿಮ್ಮಾವ ಯಾವ ಕಾಲೇಜಲ್ಲಿ ಡಾಕ್ಟರಿಕೆ ಓದಿದ್ದಾನಯ್ಯ? ನೋಡು, ಜ್ವರ ಬಂದರೆ ಗುಳಿಗೆ ಎರಡರಷ್ಟು ತಗೊಂಡು ಮಲಗಬೇಕು, ಕುಣಿಯೋದಲ್ಲ. ಮೈ ನೆಟ್ಟಗಿದ್ದ ದಿನ ಧಾರಾಳವಾಗಿ ಬಾರಿಸು. ಗಂಟೆಗಟ್ಟಲೆ ಕುಣಿಯೋದಾದರೆ ನಡುವೆ ಅರ್ಧ ಗುಳಿಗೆ ಜಾಸ್ತಿ ತಗೋ, ಉಪ್ಪು ಹಾಕಿದ ಮಜ್ಜಿಗೆ ಕುಡಿ, ಎರಡು ನಿಮಿಷ ಸುಧಾರಿಸ್ಕೋ. ಅಷ್ಟೇ."

ಊರಲ್ಲಿ ಬಸ್ಸಿಳಿದ ಅಂಜಿನಮ್ಮ ಗಂಡನ ಮನೆ ದಾಟಿ ನೇರವಾಗಿ ತವರಿನ ಪಡಸಾಲೆಗೆ ಹೋಗಿ ಕೂತಳು.

ತಿಮ್ಮರಾಯಪ್ಪ ಎಲ್ಲವನ್ನೂ ಕೇಳಿ ಅಡ್ಡಡ್ಡ ತಲೆಯಾಡಿಸಿದ. "ನಡುವೆ ಅಂತಾನಲ್ಲ ನಿಮ್ ಡಾಕ್ಟ್ರು, ನಡುವೆ ಹೆಂಗ್ ನಿಲ್ಸೋದು? ಹೆಗಲಿಗೇರಿದ ಡೊಳ್ಳು ಮಂಗಳ ಹಾಡೋಗಂಟ ಕೆಳಗಿಳಿಯಂಗಿಲ್ಲ. ಸುತ್ತು ಬಿಟ್ಟು ಒಬ್ರೂ ಆಚೆ ಹೋಗಂಗಿಲ್ಲ. ನಮ್ ಮೇಳ್ದಾಗೆ ಯಾವತ್ತೂ ಆಗಿಲ್ಲ."

"ನಿಲ್ಸು ಅಂದೋರ್ಯಾರಪ್ಪ? ಡೊಳ್ಳು ಹೆಗಲ ಮ್ಯಾಲೇ ಇರ್ಲಿ. ಮಿಕ್ಕೋರು ಮಂಡಿಯೂರಿ ಮೆಲ್ಲಗೆ ಬಾರಿಸ್ತಿರ್ಲಿ. ಇವ್ನು ನಡುವೆ ಕೂತು ನುಂಗ್ಲಿ. ಸುತ್ತೂ ಕಡಿಯಲ್ಲ, ಸದ್ದೂ ಕಡಿಯಲ್ಲ."

"ಜನ ನಗ್ತಾರೆ ಕಣೇ."

"ನಗ್ಲಿ ಬಿಡು. ಮೂರ್ ವರ್ಷದಿಂದ ಇವ್ನು ನಕ್ಕಿದ್ ನೋಡಿದ್ಯೇನಪ್ಪ ನೀನು?"

ತಿಮ್ಮರಾಯಪ್ಪ ಎದ್ದು ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ತಾಳದ ಸದ್ದು ಕೇಳಿಸಿತು. ಅದುವರೆಗೆ ಊರಲ್ಲಿ ಯಾರೂ ಕೇಳದ ಬಡಿತದ ಗತ್ತು ಅದು: ನಿಧಾನ, ಮೆತ್ತಗೆ, ಒಂದು ಪೆಟ್ಟು ಬಿಟ್ಟು ಒಂದು ಪೆಟ್ಟು. ಅಂಜಿನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಕಣ್ಣು ಒರೆಸಿಕೊಂಡದ್ದೂ ಅದೇ ಸೆರಗಿನಲ್ಲಿ.

ತರೀಕೆರೆಯಲ್ಲಿ ಅವತ್ತು ಬಿಸಿಲು ಸುಡುತ್ತಿತ್ತು. ಸ್ಟೇಷನ್ ರಸ್ತೆಯುದ್ದಕ್ಕೂ ಹನ್ನೆರಡು ಡೊಳ್ಳು ಗುಡುಗಿದವು. ಹನ್ನೆರಡನೆಯದು ಚಿಕ್ಕಬೀರಪ್ಪನದು. ತಾಳ ಹಿಡಿದ ತಿಮ್ಮರಾಯಪ್ಪ ದಾರಿ ನೋಡದೆ ಅಳಿಯನ ಮುಖವನ್ನೇ ನೋಡಿಕೊಂಡು ಹಿಂದುಹಿಂದಕ್ಕೆ ನಡೆದ. ಒಂದು ಸೋಡಾ ಅಂಗಡಿಯ ಬೆಂಚನ್ನೂ ಎಡವಿದ. ಮೈದಾನದಲ್ಲಿ ಕುಣಿತ ಬಿರುಸಾಯಿತು. ಚಿಕ್ಕಬೀರಪ್ಪನ ಕುತ್ತಿಗೆಯಲ್ಲಿ ಬೆವರಿಳಿಯಿತು, ತುಟಿ ಒಣಗಿತು. ಜನರ ನಡುವೆ ನಿಂತಿದ್ದ ಅಂಜಿನಮ್ಮ ಅಪ್ಪನಿಗೆ ಕಾಣುವಂತೆ ಕೈ ಎತ್ತಿದಳು.

ತಾಳ ತಿರುಗಿತು. ಹನ್ನೊಂದು ಆಳು ಒಮ್ಮೆಗೇ ಒಂದು ಮಂಡಿಯೂರಿದರು. ಗುಡುಗು ಅಡಗಿ, ಅಂಗೈ ಪೆಟ್ಟಿನ ಮೆಲುಸದ್ದು ಮಾತ್ರ ಉಳಿಯಿತು. ಚಿಕ್ಕಬೀರಪ್ಪ ಸುತ್ತಿನ ನಡುವೆ ಕೂತು, ರುಮಾಲಿನ ಅಂಚಿನಿಂದ ಅರ್ಧ ಗುಳಿಗೆ ತೆಗೆದು ಬಾಯಿಗಿಟ್ಟುಕೊಂಡ. ತಿಮ್ಮರಾಯಪ್ಪ ತಾಳವನ್ನು ಪಕ್ಕದವನಿಗೆ ಕೊಟ್ಟು, ಚೊಂಬು ಹಿಡಿದು ಬಂದು, ತಾನೇ ಬಗ್ಗಿ ಅಳಿಯನ ಬೊಗಸೆಗೆ ಮಜ್ಜಿಗೆ ಹೊಯ್ದ.

"ಹೆಂಗೈತ್ಲಾ?"

"ಉಪ್ಪು ಜಾಸ್ತಿ ಮಾವ," ಎಂದ ಚಿಕ್ಕಬೀರಪ್ಪ.

ಕುಡಿದು ಮುಗಿಸಿ, ಉಸಿರು ಹದಕ್ಕೆ ಬಂದ ಮೇಲೆ, ಕೋಲೆತ್ತಿ ಒಂದೇ ಒಂದು ಪೆಟ್ಟು ಹಾಕಿದ. ಹನ್ನೊಂದು ಜನ ನೆಗೆದು ನಿಂತರು. ಮುಂದಿನ ಅರ್ಧ ಗಂಟೆ ಅವನು ಬಾರಿಸಿದ ಪರಿ ನೋಡಿ ಮುದುಕರೂ ಶಿಳ್ಳೆ ಹಾಕಿದರು. ಅವನು ನಗುತ್ತಿದ್ದ, ಹಲ್ಲೆಲ್ಲ ಕಾಣುವ ಹಾಗೆ.

ಬಹುಮಾನ ಎರಡನೆಯದೇ ಬಂತು. ತೀರ್ಪುಗಾರರಾಗಿದ್ದ ಷಡಕ್ಷರಿ ಮೇಷ್ಟರು ಪುಸ್ತಕ, ಪೆನ್ನು ಹಿಡಿದು ತಿಮ್ಮರಾಯಪ್ಪನನ್ನು ಹುಡುಕಿಕೊಂಡು ಬಂದರು. "ಆ ಮಂಡಿಯೂರಿ ಪ್ರಸಾದ ಸ್ವೀಕರಿಸುವ ಭಾಗ ಅದ್ಭುತ ಯಜಮಾನರೇ! ಬಹಳ ಹಳೇ ಸಂಪ್ರದಾಯ ಇರಬೇಕು?"

ತಿಮ್ಮರಾಯಪ್ಪ ಕಣ್ಣು ಮಿಟುಕಿಸಲಿಲ್ಲ. "ನಮ್ ಮುತ್ತಾತನ ಕಾಲದ್ದು ಸೋಮಿ. ಗುಳಿಗೆ ಗತ್ತು ಅಂತೀವಿ."

ಮೇಷ್ಟರು ಬರೆದುಕೊಂಡರು.

ಎರಡು ವರ್ಷದ ಮೇಲೆ ಅಜ್ಜಂಪುರದಲ್ಲೊಂದು ಮದುವೆ. ಚಿಕ್ಕಬೀರಪ್ಪನೂ ಅಂಜಿನಮ್ಮನೂ ನೆಂಟರಾಗಿ ಹೋಗಿ, ಊಟ ಮುಗಿಸಿ ಚಪ್ಪರದ ನೆರಳಲ್ಲಿ ಕೂತಿದ್ದರು. ಚೌಳಹಿರಿಯೂರಿನ ಮೇಳದವರು ಡೊಳ್ಳು ಬಾರಿಸುತ್ತಿದ್ದರು. ಕುಣಿತ ಬಿರುಸಾಗಿ, ತಾಳ ತಿರುಗಿತು. ಎಲ್ಲರೂ ಒಂದು ಮಂಡಿಯೂರಿದರು. ಒಂದು ಪೆಟ್ಟು ಬಿಟ್ಟು ಒಂದು ಪೆಟ್ಟು. ನಡುವೆ ಕೂತವನು ಕೋಣನಂಥ ಆಳು, ಒಂದು ಸೀನೂ ಕಾಣದ ಮೈ. ಅವನು ಭಕ್ತಿಯಿಂದ ರುಮಾಲಿನ ಅಂಚಿಗೆ ಕೈ ಹಾಕಿ, ಬರಿಯ ಬೆರಳನ್ನು ಬಾಯಿಗೊಯ್ದು, ತಲೆ ಹಿಂದಕ್ಕೆ ಚೆಲ್ಲಿ ಏನನ್ನೋ ನುಂಗಿದ.

"ಅಯ್ಯೋ ಶಿವನೇ!" ಎಂದು ಅಂಜಿನಮ್ಮ ನಗು ತಡೆಯಲಾರದೆ ಗಂಡನ ತೊಡೆಗೆ ಹೊಡೆದಳು. ಆಮೇಲೆ ನೆನಪಾಗಿ, "ನಿಂದೂ ಹೊತ್ತಾಯ್ತಲ್ಲ," ಎಂದಳು.

ಚಿಕ್ಕಬೀರಪ್ಪ ಸಂಚಿ ಬಿಚ್ಚಿ ಮಧ್ಯಾಹ್ನದ ಅರ್ಧ ಗುಳಿಗೆ ತೆಗೆದ. ಮಜ್ಜಿಗೆಯ ಲೋಟ ಕೈಗೆ ಬರುವವರೆಗೆ, ಅವನ ಎಡಗೈ ಮಂಡಿಯ ಮೇಲೆ ಮೆತ್ತಗೆ ಆ ಗತ್ತನ್ನೇ ಬಾರಿಸುತ್ತಿತ್ತು.