ಸೊನ್ನೆಯಿಂದ ಒಂಬತ್ತರವರೆಗಿನ ಸಮುದ್ರ

ಇದು ನಿಜವಾಗಿ ನಡೆದದ್ದು. ನಂಬಿಕೆ ಬಾರದಿದ್ದರೆ ಸೊಲ್ಲಾಪುರದ ಅಕ್ಕಲಕೋಟ ರಸ್ತೆಗೆ ಬಂದು ಗೋದೂಬಾಯಿಯವರನ್ನು ಕೇಳಿ. ನನಗೆ ಬೈದದ್ದನ್ನೂ ಸೇರಿಸಿ ಹೇಳುತ್ತಾರೆ.

ಅವರ ಮಗ ಶುಭಂ ಸಮುದ್ರವನ್ನೇ ಕಂಡವನಲ್ಲ, ಹಡಗಿನ ನೌಕರಿಗೆ ಅರ್ಜಿ ಹಾಕಿದ್ದ. ಮರುದಿನ ಫೋನಿನಲ್ಲೇ ಮೌಖಿಕ ಪರೀಕ್ಷೆ. ಕೇಳುವವರು ಮಂಗಳೂರಿನ ಕ್ಯಾಪ್ಟನ್. ತೆರೆಯ ಎತ್ತರ ನೋಡಿ ಸಮುದ್ರಕ್ಕೆ ಸೊನ್ನೆಯಿಂದ ಒಂಬತ್ತರವರೆಗೆ ದರ್ಜೆ ಕೊಡುತ್ತಾರಂತೆ. ಶುಭಂ ಅದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದ. ಯಾರಾದರೂ ಕೆಮ್ಮಿದರೆ ಮತ್ತೆ ಮೊದಲಿನಿಂದ ಶುರು.

"ನಡುವ ಪ್ರಶ್ನೆ ಕೇಳಿದ್ರ ನನ್ನ ಕಥಿ ಮುಗೀತು ದೋಸ್ತ," ಎಂದು ಬೆಳಿಗ್ಗೆಯಿಂದ ಊಟ ಬಿಟ್ಟು ಕೂತಿದ್ದ.

ಮೇಲಿನ ಮನೆಯವನಾದ ನಾನು ಅವನಿಗೆ ಕಾಣದಂತೆ ಮೆಟ್ಟಿಲ ಮೇಲೆ ಕೂತು, ಹೊಸ ಸಿಮ್ಮಿನಿಂದ ಅವನಿಗೇ ಫೋನ್ ಹಚ್ಚಿ ಮಂಗಳೂರಿನ ದನಿ ತೆಗೆದೆ.

"ಕ್ಯಾಪ್ಟನ್ ಮಾತಾಡುವುದು ಮಾರಾಯ್ರೆ. ಪರೀಕ್ಷೆ ಇವತ್ತೇ ಮುಗಿಸುವ, ಆಯ್ತಾ? ದರ್ಜೆ ಸೊನ್ನೆ ಅಂದ್ರೆ ಹೇಗಿರ್ತದೆ?"

"ಸಾಹೇಬ್ರ... ಕನ್ನಡಿ ಹಂಗರಿ. ಲೈಟ್ ಹೋದಾಗ ನಮ್ಮ ಅಂಗಳದ ಹೌದಿನ್ಯಾಗ ತುಂಬಿದ ನೀರ ಇರ್ತದಲ್ರಿ, ಹಂಗ."

"ಒಂಬತ್ತು?"

"ನೋಡಿದಾಂವ ಹೇಳಾಕ ಉಳಿಯಂಗಿಲ್ರಿ."

ನಾನು ಕರವಸ್ತ್ರ ಕಚ್ಚಿಕೊಂಡೆ. "ಗಾಳಿಯೇ ಇಲ್ಲ, ಆದ್ರೂ ದೊಡ್ಡ ದೊಡ್ಡ ತೆರೆ ಬರ್ತದೆ. ಎಂತಕ್ಕೆ?"

ಶುಭಂ ಅಂಗಳದ ಹೌದಿನ ಕಡೆ ತಿರುಗಿ ನೋಡಿದ. ಆಮೇಲೆ, "ಬಾಜೂಕ ಪವರ್‌ಲೂಮ್ ಚಾಲೂ ಆಗಿರಬೇಕ್ರಿ."

ಅವನ ತಪ್ಪೇನಿಲ್ಲ. ಮಗ್ಗಗಳು ಶುರುವಾದರೆ ನಮ್ಮ ಓಣಿಯ ಹೌದುಗಳ, ಅಂದರೆ ತೊಟ್ಟಿಗಳ, ನೀರೆಲ್ಲ ಗಾಳಿಯಿಲ್ಲದೆಯೇ ನಡುಗುತ್ತದೆ.

"ಸಮುದ್ರದಲ್ಲಿ ಪವರ್‌ಲೂಮಾ ಮಾರಾಯ್ರೆ?"

ಅಷ್ಟರಲ್ಲಿ ಅಂಗಳದಲ್ಲಿ ಗೋದೂಬಾಯಿಯೂ ಮಗಳು ಸುವರ್ಣಾಳೂ ಒಗೆದ ಚಾದರದ ಎರಡು ತುದಿ ಹಿಡಿದರು. ಸುವರ್ಣಾ ಕೊಡವಿದಳು, ತೆರೆಯೊಂದು ಓಡಿಬಂದು ತಾಯಿಯ ಕೈ ಜಗ್ಗಿತು. ಅದನ್ನು ಕಂಡ ಶುಭಂ ಎದ್ದು ನಿಂತ.

"ತಡೀರಿ ಸಾಹೇಬ್ರ! ಗಾಳಿ ದೂರ ಎಲ್ಲೋ ಬೀಸಿರ್ತದ್ರಿ. ಝಟಕಾ ಅಲ್ಲಿ, ತೆರಿ ಇಲ್ಲಿ. ಚಾದರ ಝಾಡಸಿದಂಗ! ಇಲ್ಲೇ ಹುಟ್ಟೋ ತೆರಿ ಬ್ಯಾರೆ, ಇದು ಬ್ಯಾರೆ. ಇದಕ್ಕ ಸ್ವೆಲ್ ಅಂತಾರ್ರಿ!"

"ಭಲೇ ಗಡ್ಯಾ!" ಕ್ಯಾಪ್ಟನ್ ದನಿಯನ್ನೂ ಫೋನನ್ನೂ ಮರೆತು ಮೆಟ್ಟಿಲಿಂದಲೇ ಕೂಗಿಬಿಟ್ಟೆ.

ಗೋದೂಬಾಯಿ ಚಾದರ ಕೆಳಗೆ ಬಿಟ್ಟು ತಲೆಯೆತ್ತಿದರು. "ಏ ಮಾಕಡಾ, ಮಂಗ್ಯಾ! ಹುಡುಗ ಹೊಟ್ಟಿಗಿಲ್ದ ಕುಂತಾನ, ನಿನಗ ಚೇಷ್ಟಿ? ಇಳಿ ಕೆಳಗ!"

ಇಳಿದೆ. ಶುಭಂ ಕಪಾಳಕ್ಕೆ ಬಾರಿಸುತ್ತಾನೆಂದೇ ಕಣ್ಣು ಮುಚ್ಚಿದೆ. ಬಾರಿಸಲಿಲ್ಲ. ಕೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದ.

"ನಾಳಿ ಖರೇ ಕ್ಯಾಪ್ಟನ್ ಏನರ ಕೇಳ್ಲಿ, ನನಗ ಬರ್ತದಲೇ!" ಎಂದ. ಮರುಕ್ಷಣ, "ಸಮುದ್ರದಾಗ ಪವರ್‌ಲೂಮ್ ಅಂದ್ನೆಲ್ಲೋ!" ಎನ್ನುತ್ತ ಆ ಒದ್ದೆ ಚಾದರದ ಮೇಲೆಯೇ ಉರುಳಿದ. ನಾವು ಮೂವರೂ ನಕ್ಕೆವು. ಅವನ ನಗೆಯೇ ಎಲ್ಲಕ್ಕಿಂತ ಜೋರಾಗಿತ್ತು.