ಡೆಲ್ಫಿಯಾ ಒತ್ತಿದ ಮೊಹರು

ವರ್ಜೀನಿಯಾದ ಬೆಟ್ಟದ ರಸ್ತೆಗಳಲ್ಲಿ ಇಪ್ಪತ್ತೇಳು ವರ್ಷ ಶಾಲಾ ಬಸ್ ಓಡಿಸಿದ ಡೆಲ್ಫಿಯಾ ಕ್ಯಾಂಟ್ರೆಲ್, ಮೊಣಕಾಲು ಕೈಕೊಟ್ಟ ಮೇಲೆ ನೋಟರಿಯಾದಳು. ಆಮೇಲೆ ವಿಡಿಯೊ ಕರೆಯಲ್ಲೇ ಜನರ ಗುರುತು ನೋಡಿ, ಸಹಿ ಹಾಕಿಸಿ, ಕಂಪ್ಯೂಟರಿನಲ್ಲೇ ಮೊಹರು ಒತ್ತುವ ಪರವಾನಗಿಗೂ ಅರ್ಜಿ ಹಾಕಿದಳು. ಎರಡು ಸಲ ವಾಪಸ್ ಬಂತು. ಮೂರನೆಯ ಸಲ ಸಿಕ್ಕಿತು.

"ಬಂದ್ರಪ್ಪಾ ಜಡ್ಜಮ್ಮನೋರು! ಒಲೆ ಪಕ್ಕದಲ್ಲೇ ಕೋರ್ಟು!" ಗಂಡ ರಾಯ್ಸ್ ಹುರುಳಿಕಾಯಿ ಬೀಜದ ಸಾರನ್ನು ಸೊರ್ರನೆ ಹೀರುತ್ತ ರೇಗಿಸಿದ.

"ಕೋರ್ಟಲ್ಲಿ ಸದ್ದು ಮಾಡ್ದೆ ತಿನ್ಬೇಕು."

ಒಂದು ಮಂಗಳವಾರ ತೆರೆಯ ಮೇಲೆ ಆರ್ವಿಲ್ ಸ್ಟಿಲ್ಟ್ನರ್ ಕಾಣಿಸಿಕೊಂಡ. ಕಲ್ಲಿದ್ದಲ ಗಣಿಯಲ್ಲಿ ದುಡಿದ ಮುದುಕ. ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಲ್ಲಿದ್ದ. ತನ್ನ ಪರವಾಗಿ ತೀರ್ಮಾನ ಮಾಡುವ ಅಧಿಕಾರಪತ್ರವನ್ನು ತಂಗಿಯ ಮಗಳು ಲೋರ್ನಾಳ ಹೆಸರಿಗೆ ಬರೆಸಿದ್ದ; ನೋಟರಿಯ ಎದುರು ಸಹಿ ಹಾಕುವುದಷ್ಟೇ ಬಾಕಿ.

"ಮೇಡಂ, ಇದಕ್ಕೆ ಮುಂಚೆ ಇಬ್ರು ನೋಟರಿಗಳು ಕರೆ ಕಟ್ ಮಾಡಿದ್ರು," ಎಂದಳು ಲೋರ್ನಾ. "ಮಾವಂಗೆ ಏನೂ ತಿಳಿಯಲ್ವಂತೆ. ಎಲ್ಲಾ ತಿಳಿಯತ್ತೆ, ಮಾತು ನಿಧಾನ ಅಷ್ಟೆ. ಅವ್ರ ಬದ್ಲು ನಾನೇ ಹೇಳ್ಲಾ?"

"ಬೇಡಮ್ಮ. ನೀನು ಹೊರಗಿರು, ಬಾಗಿಲು ಹಾಕ್ಕೊಂಡು ಹೋಗು."

ಗುರುತಿನ ಚೀಟಿ ನೋಡಿದ ಮೇಲೆ ಡೆಲ್ಫಿಯಾ ಕೇಳಿದಳು: "ಈ ಕಾಗದದಿಂದ ಏನಾಗತ್ತೆ, ಹೇಳ್ತೀರಾ?"

ಮುದುಕನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಒಂದು ನಿಮಿಷ. ಎರಡು. ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಬಸ್ಸಿನಲ್ಲಿ ತೊದಲುತ್ತಿದ್ದ ಹುಡುಗಿಯೊಬ್ಬಳ ಮಾತನ್ನು ಬೇರೆಯವರು ಮುಗಿಸಿದಾಗಲೆಲ್ಲ ಆ ಮಗುವಿನ ಮುಖ ಬಾಡುತ್ತಿದ್ದುದನ್ನು ಅವಳು ಕಂಡಿದ್ದಳು. ತುಟಿ ಬಿಗಿಹಿಡಿದು ಕಾದಳು.

"ನಾನು... ಏಳ್ದೆ... ಹೋದ್ರೆ... ಲೋರ್ನಾ... ಹೇಳ್ದಂಗೆ."

"ಯಾರಾದ್ರೂ ಒತ್ತಾಯ ಮಾಡಿದ್ರಾ?"

ಆರ್ವಿಲ್‌ನ ಕಣ್ಣು ಕಿಡಿ ಕಾರಿತು. "ನನ್ಗೆ... ಒತ್ತಾಯ... ಮಾಡೋ... ಗಂಡ್ಸು... ಇನ್ನೂ... ಹುಟ್ಟಿಲ್ಲ!"

ಡೆಲ್ಫಿಯಾಗೆ ನಗು ತಡೆಯಲಾಗಲಿಲ್ಲ. ಅವನು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಸಹಿ ಗೀಚಿದ; ಅವಳು ಮೊಹರು ಒತ್ತಿದಳು. ಎಲ್ಲ ಮುಗಿಯಲು ನಲವತ್ತೆರಡು ನಿಮಿಷ ಹಿಡಿಯಿತು.

ತಿಂಗಳ ನಂತರ ಆರ್ವಿಲ್‌ನ ತಮ್ಮ ತಕರಾರು ತೆಗೆದ: ಸಹಿ ಹಾಕುವಾಗ ಅಣ್ಣನಿಗೆ ಬುದ್ಧಿ ನೆಟ್ಟಗಿರಲಿಲ್ಲ, ಲೋರ್ನಾ ಮೋಸ ಮಾಡಿದ್ದಾಳೆ. ಲೋರ್ನಾಳ ವಕೀಲರು ಡೆಲ್ಫಿಯಾಳಿಂದ ಆ ಕರೆಯ ವಿಡಿಯೊ ತರಿಸಿ ಅವನಿಗೆ ತೋರಿಸಿದರು. ಒತ್ತಾಯ ಮಾಡೋ ಗಂಡಸು ಹುಟ್ಟಿಲ್ಲ ಎಂಬ ಮಾತು ಕೇಳುತ್ತಿದ್ದಂತೆ ಅವನು ಕುರ್ಚಿಗೊರಗಿದ. "ಇವ್ನು ನಮ್ಮಣ್ಣನೇ. ಅನುಮಾನವೇ ಇಲ್ಲ," ಎಂದು ತಕರಾರು ಬಿಟ್ಟ.

ಲೋರ್ನಾ ಫೋನ್ ಮಾಡಿ ಇದನ್ನೆಲ್ಲ ಹೇಳಿದಾಗ ಡೆಲ್ಫಿಯಾಳ ಎದೆ ತುಂಬಿ ಬಂತು.

"ರಾಯ್ಸ್, ನಾನೊಂದು ಭಾರಿ ಒಳ್ಳೆ ಕೆಲಸ ಮಾಡಿದೀನಿ ಕಣೋ."

"ಏನದು?"

"ಹೇಳೋ ಹಾಗಿಲ್ಲ. ನೋಟರಿ ಅಂದ್ಮೇಲೆ ಗುಟ್ಟು ಕಾಯ್ಬೇಕು," ಎಂದವಳು ಅವನ ಕುತೂಹಲ ಕಂಡು ಇನ್ನಷ್ಟು ನೆಟ್ಟಗೆ ಕೂತಳು.